ಮೂವತ್ತನಾಲ್ಕು ದಿನ ನಡೆದ ಕಾಲಿಗೆ ಒಂಬತ್ತು ರಾತ್ರಿಯ ಬಸ್ಸು

ಸ್ಪೇನಿನ ಸಾಂತಿಯಾಗೊ ಯಾತ್ರೆಯನ್ನು ಕಾಲ್ನಡಿಗೆಯಲ್ಲಿ ಮುಗಿಸಿದವರನ್ನು ಅಲ್ಲಿಂದಲೇ ಬಸ್ಸಿಗೆ ಹತ್ತಿಸಿಕೊಂಡು ಕ್ರೈಸ್ತ ಪುಣ್ಯಕ್ಷೇತ್ರಗಳಾದ ಫಾತಿಮಾ, ಆವಿಲಾ, ಸರಗೋಸಾ, ಲೂರ್ದು, ಮೊಂಟ್ಸೆರಾಟ್‌ಗಳಿಗೆ ಕರೆದೊಯ್ಯುವ ಪ್ರವಾಸ ಸೇವೆಯೊಂದು ಶಿವಮೊಗ್ಗದಲ್ಲಿಯೇ ದೊರೆಯುತ್ತದೆ ಎಂದು ತಿಳಿದಾಗ, ಅದು ನಮಗಾಗಿಯೇ ಮಾಡಿಟ್ಟ ಏರ್ಪಾಡಿನಂತೆ ನನಗೂ ನನ್ನ ನಾದಿನಿಗೂ ಕಂಡಿತ್ತು. ಹಣ ಕಟ್ಟಿದೆವು, ಹೋದೆವು, ಕ್ಷೇಮವಾಗಿ ಮರಳಿದೆವು. ಈಗ ನಮ್ಮ ಕಡೆಯ ಹಲವರು ಅದೇ ಸೇವೆಯ ಬಗ್ಗೆ ವಿಚಾರಿಸುತ್ತಿರುವುದರಿಂದ ಕಂಡದ್ದನ್ನು ಬರೆದಿಡುವುದು ಒಳ್ಳೆಯದೆಂದು ತೋರಿತು. ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ವಿಚಾರಿಸುತ್ತಿರುವವರಿಗೆ ಅದು ಯಾವುದೆಂದು ಗೊತ್ತೇ ಇದೆ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಾದಿನಿ ಸಾಗರದ ಬಳಿ ಅಡಿಕೆ ತೋಟ ನೋಡಿಕೊಂಡಿರುವವಳು. ಒಂದು ವರ್ಷ ಕುಂದಾದ್ರಿ ಹತ್ತಿ ಇಳಿದು, ಸಕ್ರೆಬೈಲಿನ ರಸ್ತೆಯಲ್ಲಿ ಬೆಳಗಿನ ಜಾವ ನಡೆದು ಕಾಲು ಪಳಗಿಸಿಕೊಂಡ ನಂತರ, ಕೊಪ್ಪದ ಒಬ್ಬ ದಂಪತಿಯ ಜೊತೆಗೂಡಿ ಕಳೆದ ವರ್ಷ ಆಗಸ್ಟ್ 28ರಂದು ಫ್ರಾನ್ಸಿನ ಸೇಂಟ್ ಜೀನ್ ಪಿಯೆ ದ ಪೋರ್ ಎಂಬ ಊರಿನಿಂದ ಹೊರಟೆವು. ಪಿರೆನೀಸ್ ಬೆಟ್ಟಗಳನ್ನು ದಾಟಿ, ಪಾಂಪ್ಲೋನಾ, ಬುರ್ಗೋಸ್, ಲಿಯೋನ್‌ಗಳ ಮೂಲಕ ಸುಮಾರು 780 ಕಿಲೋಮೀಟರ್ ನಡೆದು ಸೆಪ್ಟೆಂಬರ್ 30ರ ಮಧ್ಯಾಹ್ನ ಸಾಂತಿಯಾಗೊ ದೆ ಕಾಂಪೊಸ್ತೆಲಾ ತಲುಪಿದೆವು. ಹೊಸ ತೆನೆಯನ್ನು ಹರಸಿ ಹಂಚುವ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಬಂದದ್ದು ಬುರ್ಗೋಸ್ ಸಮೀಪದಲ್ಲಿ. ಹೊಸ ತೆನೆಯ ಬದಲು ಕೊಯ್ದ ಗೋಧಿ ಹೊಲದ ಕೂಳೆಯನ್ನೇ ನೋಡಿ ತೃಪ್ತಿಪಟ್ಟೆವು. ನಡಿಗೆಯ ಕಥೆ ಇಲ್ಲಿ ಬೇಡ. ಆದರೆ ಮೂವತ್ತನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಒಂದು ಊರಿನ ಗಂಟೆಗೋಪುರ ದೂರದಲ್ಲಿ ಕಂಡಲ್ಲಿಂದ ಅದರ ಬುಡ ಮುಟ್ಟುವವರೆಗೆ ಎರಡು ಗಂಟೆ ಹಿಡಿಯುವುದಕ್ಕೆ ಒಗ್ಗಿಹೋದ ಕಣ್ಣು ಈ ಬಸ್ಸಿನ ಪ್ರವಾಸವನ್ನು ನೋಡಿತು ಎಂಬುದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು. ಊರಿನಿಂದ ನೇರವಾಗಿ ವಿಮಾನದಲ್ಲಿ ಬಂದು ನಮ್ಮನ್ನು ಸೇರಿಕೊಂಡ ಹದಿನೆಂಟು ಮಂದಿಗೆ ಇದೇ ಪ್ರವಾಸ ಬೇರೆಯಾಗಿ ಕಂಡಿರಬಹುದು, ಕಂಡೂ ಇದೆ.

ವಿಮಾನದ ಖರ್ಚು ಬಿಟ್ಟು ತಲೆಗೆ 1,85,000 ರೂಪಾಯಿ. ಒಂಬತ್ತು ರಾತ್ರಿಯ ವಸತಿ, ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ, ಬಸ್ಸು, ಜೊತೆಗೊಬ್ಬ ಮಾರ್ಗದರ್ಶಿ, ವಿಮೆ ಇದರಲ್ಲಿ ಸೇರಿವೆ. ಸ್ಪೇನ್, ಪೋರ್ಚುಗಲ್, ಫ್ರಾನ್ಸ್ ಮೂರೂ ಷೆಂಗೆನ್ ಒಕ್ಕೂಟದಲ್ಲಿರುವುದರಿಂದ ಒಂದೇ ವೀಸಾ ಸಾಕು. ನಡಿಗೆ ಮತ್ತು ಪ್ರವಾಸ ಎರಡೂ ಸೇರಿ ನಲವತ್ತೈದು ದಿನವಾದರೂ ತೊಂಬತ್ತು ದಿನದ ಮಿತಿಯೊಳಗೆ ಸಲೀಸಾಗಿ ಕೂರುತ್ತದೆ. ಆ ಕಾಗದಪತ್ರಗಳನ್ನು ಸಂಸ್ಥೆಯವರು ಅಚ್ಚುಕಟ್ಟಾಗಿ ಮಾಡಿಕೊಟ್ಟರು, ಒಂದು ಕಾಗದವೂ ತಿರುಗಿ ಬರಲಿಲ್ಲ. ಆದರೆ ಶಿವಮೊಗ್ಗದ ಕಚೇರಿಯವರು ಮಾರುವವರು ಮಾತ್ರ; ಅಲ್ಲಿ ಬಸ್ಸು, ಹೋಟೆಲು, ವೇಳಾಪಟ್ಟಿಗಳನ್ನು ನಡೆಸುವುದು ಅಲ್ಲಿನ ಇನ್ನೊಂದು ಕಂಪನಿ. ಮುಂದೆ ಬಂದ ತೊಂದರೆಗಳಲ್ಲಿ ಬಹುಪಾಲು ಈ ಎರಡು ಕಚೇರಿಗಳ ನಡುವಿನ ಬಿರುಕಿನಲ್ಲಿ ಹುಟ್ಟಿದವು.

ಮೊದಲು ಮೆಚ್ಚಿಕೊಂಡದ್ದನ್ನು ಹೇಳುತ್ತೇನೆ. ನಡೆಯುವವರ ಬೆನ್ನಿನ ಮೇಲೆ ಏಳು ಕಿಲೋಗಿಂತ ಹೆಚ್ಚು ಭಾರ ಇರಬಾರದು; ಎರಡು ಜೊತೆ ಬಟ್ಟೆಯಲ್ಲಿ ಐದು ವಾರ ಕಳೆದ ನಮಗೆ ಚರ್ಚಿನ ಬಲಿಪೂಜೆಗೆ ಉಟ್ಟುಕೊಳ್ಳಲು ಒಂದು ಸೀರೆ ಬೇಕೆನಿಸಿತ್ತು. ನಾವು ಮನೆಯಲ್ಲಿ ಕಟ್ಟಿಟ್ಟು ಬಂದಿದ್ದ ಸೂಟ್‌ಕೇಸುಗಳನ್ನು ವಿಮಾನದಲ್ಲಿ ಬರುವವರ ಸಾಮಾನಿನೊಂದಿಗೆ ಹಂಚಿ ತಂದು, ಅಕ್ಟೋಬರ್ 1ರ ಸಂಜೆ ಹೋಟೆಲಿನ ಕೋಣೆಯ ಬಾಗಿಲಿಗೇ ತಲುಪಿಸಿದ್ದರು. ನಾದಿನಿಯ ಪೆಟ್ಟಿಗೆಯೊಳಗೆ ಅವಳ ಸೊಸೆ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನೂ ಇಟ್ಟಿದ್ದಳು. ಇಡೀ ಪ್ರವಾಸದಲ್ಲಿ ಸಂಸ್ಥೆ ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಇದು.

ಆದರೆ ಅದೇ ಸಂಜೆ ಮೊದಲ ಇರುಸುಮುರುಸೂ ಆಯಿತು. ಪ್ರವಾಸದ ಕರಪತ್ರದಲ್ಲಿ ‘ಎಲ್ಲರಿಗೂ ಕಾಂಪೊಸ್ತೆಲಾ ಪ್ರಮಾಣಪತ್ರ’ ಎಂದು ಮುದ್ರಿಸಿದ್ದರು. ಕಾಂಪೊಸ್ತೆಲಾ ಎಂಬುದು ಯೇಸುವಿನ ಶಿಷ್ಯರಾದ ಸಂತ ಯಾಕೋಬರ ಸಮಾಧಿಗೆ ಭಕ್ತಿಯಿಂದ ನಡೆದು ಬಂದವರಿಗೆ ಅಲ್ಲಿನ ಪ್ರಧಾನಾಲಯ ಲ್ಯಾಟಿನ್ ಭಾಷೆಯಲ್ಲಿ ಕೊಡುವ ಪತ್ರ. ಕಡೇಪಕ್ಷ 100 ಕಿಲೋಮೀಟರ್ ನಡೆದಿರಬೇಕು, ಸೈಕಲ್ಲಾದರೆ 200, ಅದಕ್ಕೆ ಯಾತ್ರಿಕರ ಪುಸ್ತಿಕೆಯಲ್ಲಿ ದಾರಿಯುದ್ದಕ್ಕೂ ಹಾಕಿಸಿಕೊಂಡ ಮುದ್ರೆಗಳ ಸಾಕ್ಷಿ ಇರಬೇಕು. ವಿಮಾನದಲ್ಲಿ ಬಂದವರು ಯಾತ್ರಿಕರ ಕಚೇರಿಯ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗಿದಾಗ, ಭದ್ರಾವತಿಯ ಒಬ್ಬ ಹಿರಿಯರು ನನ್ನ ಪತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, ಏನೂ ಹೇಳದೆ ಮರಳಿ ಕೊಟ್ಟರು. ಅವರ ಮಂಡಿ ನೂರು ಹೆಜ್ಜೆಯನ್ನೂ ತಡೆಯುವಂಥದ್ದಲ್ಲ. ಸುಳ್ಳು ಆಸೆ ತೋರಿಸದೆ ಇದ್ದಿದ್ದರೆ ಅವರಿಗೆ ಆ ಸಾಲಿನಲ್ಲಿ ನಿಲ್ಲುವ ಕಷ್ಟವಾದರೂ ತಪ್ಪುತ್ತಿತ್ತು. ಬೊತಾಫುಮೆಯ್ರೊ ಎಂಬ ಆ ದೊಡ್ಡ ಧೂಪದಾನಿಯ ವಿಷಯವೂ ಹೀಗೆಯೇ. 53 ಕಿಲೋ ತೂಗುವ ಅದನ್ನು ಎಂಟು ಮಂದಿ ಹಗ್ಗ ಹಿಡಿದು ತೂಗುವುದು ವರ್ಷದ ಗೊತ್ತಾದ ಹಬ್ಬಗಳಲ್ಲಿ ಮತ್ತು ಯಾರಾದರೂ ಮುಂಚಿತವಾಗಿ ಕೇಳಿಕೊಂಡು ಕಾಣಿಕೆ ಕೊಟ್ಟಾಗ ಮಾತ್ರ. ನಾವು ಹೋದ ಪೂಜೆಯಲ್ಲಿ ಅದು ಅಲುಗಾಡಲಿಲ್ಲ. ಕರಪತ್ರದ ಮುಖಪುಟದ ಚಿತ್ರ ಮಾತ್ರ ಅದರದ್ದೇ.

ಅಕ್ಟೋಬರ್ 2ರಂದು ಸಾಂತಿಯಾಗೊದಿಂದ ಪೋರ್ಚುಗಲ್ಲಿನ ಫಾತಿಮಾಕ್ಕೆ, ನಾನೂರಕ್ಕೂ ಹೆಚ್ಚು ಕಿಲೋಮೀಟರ್. ಐದು ವಾರ ನಡೆದವರು ಇಷ್ಟು ಹೊತ್ತು ಕುಳಿತರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ: ಮಧ್ಯಾಹ್ನದ ಹೊತ್ತಿಗೆ ನಾಲ್ವರ ಪಾದಗಳೂ ಊದಿ ಚಪ್ಪಲಿಯ ಪಟ್ಟಿ ಬಿಗಿಯಾಯಿತು. “ಅತ್ತಿಗೆ, ಇಷ್ಟು ದಿನ ನಡೆದು ನೋಯದ ಕಾಲು ಕೂತು ನೋಯ್ತಿದೆ ನೋಡಿ,” ಎಂದಳು ನಾದಿನಿ. ಹಿಂದಿನ ಸೀಟಿನವರು ಚಾಲಕ ಪದೇಪದೇ ಬಸ್ಸು ನಿಲ್ಲಿಸುತ್ತಾನೆ ಎಂದು ಗೊಣಗುತ್ತಿದ್ದರು. ಅದು ಅನ್ಯಾಯದ ಮಾತು. ಯುರೋಪಿನ ಕಾನೂನಿನಂತೆ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಮತ್ತು ಇದೆಲ್ಲವನ್ನೂ ಬಸ್ಸಿನೊಳಗಿನ ಯಂತ್ರ ತಾನಾಗಿ ದಾಖಲಿಸುತ್ತದೆ. ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಒಬ್ಬನೇ ಚಾಲಕನ ನಿದ್ದೆಗೆಟ್ಟ ಕಣ್ಣಿನ ಮೇಲೆ ಜೀವ ಇಟ್ಟು ಬೆಂಗಳೂರು ಸೇರುವ ನಮಗೆ ಈ ಕಾನೂನು ವಿಚಿತ್ರವಾಗಿ ಕಾಣಬಹುದು, ನನಗಂತೂ ಅದರ ಮೇಲೆ ಗೌರವ ಹುಟ್ಟಿತು. ತಪ್ಪು ವೇಳಾಪಟ್ಟಿ ಬರೆದವರದು: ನಕ್ಷೆಯ ಮೇಲಿನ ದೂರವನ್ನು ವೇಗದಿಂದ ಭಾಗಿಸಿ ಬಂದ ಉತ್ತರವನ್ನೇ ಪ್ರಯಾಣದ ಸಮಯವೆಂದು ಬರೆದಿದ್ದರು, ನನ್ನ ಎಂಟನೇ ತರಗತಿಯ ಮಕ್ಕಳು ಮಾಡುತ್ತಿದ್ದ ಹಾಗೆ. ಹಾಗಾಗಿ ಪ್ರತಿದಿನವೂ ಒಂದೂವರೆ ಗಂಟೆ ತಡವಾಗುತ್ತಿತ್ತು, ಆ ಒಂದೂವರೆ ಗಂಟೆಯನ್ನು ಪ್ರತಿದಿನವೂ ಕ್ಷೇತ್ರದ ಸಮಯದಿಂದಲೇ ಕಳೆಯುತ್ತಿದ್ದರು.

ಫಾತಿಮಾದಲ್ಲಿ ಮೊದಲ ರಾತ್ರಿ ನಾವು ಬಸ್ಸಿನಿಂದ ಇಳಿದಾಗ ಹತ್ತು ಗಂಟೆ ದಾಟಿತ್ತು. ಈಸ್ಟರ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಪ್ರತಿ ರಾತ್ರಿ ಒಂಬತ್ತೂವರೆಗೆ ಜಪಸರ (ರೋಸರಿ ಮಣಿಮಾಲೆ) ಪ್ರಾರ್ಥನೆ, ಬಳಿಕ ಮೇಣದ ದೀಪದ ಮೆರವಣಿಗೆ ನಡೆಯುತ್ತದೆ. ನಾವು ಕಂಡದ್ದು ದೀಪ ಆರಿಸಿಕೊಂಡು ಎದುರಿನಿಂದ ಬರುತ್ತಿದ್ದ ಜನರನ್ನು. ಮರುದಿನ ಸಂಸ್ಥೆಯವರು ಲಿಸ್ಬನ್ ನಗರಕ್ಕೆ, ಸಂತ ಅಂತೋಣಿಯವರು ಹುಟ್ಟಿದ ಸ್ಥಳವನ್ನು ನೋಡಲು, 60 ಯೂರೊ ಹೆಚ್ಚುವರಿ ಹಣಕ್ಕೆ ಕರೆದೊಯ್ದರು. ನಾವು ನಾಲ್ವರು ಹೋಗಲಿಲ್ಲ. ಇನ್ನೊಂದು ದಿನ ಬಸ್ಸಿನಲ್ಲಿ ಕೂರುವ ಮನಸ್ಸು ಇರಲಿಲ್ಲ ಎಂಬುದೇ ನಿಜವಾದ ಕಾರಣ, ಭಕ್ತಿಯನ್ನು ನೆಪ ಮಾಡಿಕೊಳ್ಳುವುದಿಲ್ಲ.

ಇಡೀ ಒಂಬತ್ತು ದಿನಗಳಲ್ಲಿ ಅತ್ಯುತ್ತಮವಾದದ್ದು ಸೇವೆಯವರು ನಮ್ಮನ್ನು ಬಿಟ್ಟುಹೋದ ಆ ದಿನ. 1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ ಲೂಸಿಯಾ, ಫ್ರಾನ್ಸಿಸ್ಕೊ, ಜಸಿಂತಾ ಎಂಬ ಮೂವರು ಕುರಿ ಕಾಯುವ ಮಕ್ಕಳಿಗೆ ಮಾತೆ ಮರಿಯಮ್ಮನವರು ದರ್ಶನವಿತ್ತರೆಂಬ ಸ್ಥಳದಲ್ಲಿ ಈಗ ಒಂದು ಚಿಕ್ಕ ಗುಡಿಯಿದೆ, ಅದರ ಸುತ್ತ ಹರಡಿಕೊಂಡ ವಿಶಾಲ ಅಂಗಳದ ಎರಡು ತುದಿಗಳಲ್ಲಿ ಎರಡು ಮಹಾದೇವಾಲಯಗಳಿವೆ. 2007ರಲ್ಲಿ ಮುಗಿದ ಹೊಸದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಆ ಅಂಗಳದ ಇಳಿಜಾರಿನಲ್ಲಿ ನುಣುಪಾದ ಕಲ್ಲಿನ ಪಟ್ಟಿಯೊಂದನ್ನು ಹಾಸಿದ್ದಾರೆ. ಹರಕೆ ಹೊತ್ತವರು ಮೇಲಿನಿಂದ ಗುಡಿಯವರೆಗೆ ಅದರ ಮೇಲೆ ಮಂಡಿಯೂರಿಕೊಂಡೇ ಸಾಗುತ್ತಾರೆ. ಉರುಳು ಸೇವೆಯನ್ನು ಕಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲಿಯೇ ಮೇಣದಿಂದ ಮಾಡಿದ ಕೈ, ಕಾಲು, ತಲೆ, ಎದೆ, ಹಸುಗೂಸಿನ ಗೊಂಬೆಗಳನ್ನು ಮಾರುತ್ತಾರೆ, ಕೊಂಡವರು ಅವನ್ನು ದೊಡ್ಡ ಒಲೆಯಂಥ ಬೆಂಕಿಗೆ ಅರ್ಪಿಸುತ್ತಾರೆ. ನಮ್ಮಲ್ಲಿ ಬೆಳ್ಳಿಯ ಕಣ್ಣು, ಕಾಲುಗಳನ್ನು ಹರಕೆ ಹಾಕುವಂತೆಯೇ. ಕೊಪ್ಪದವರು ಒಂದು ಜೊತೆ ಮೇಣದ ಪಾದಗಳನ್ನು ತೆಗೆದುಕೊಂಡು ನಮ್ಮೆಲ್ಲರ ಹೆಸರಿನಲ್ಲಿ ಅರ್ಪಿಸಿದರು. ಎಂಟು ಪಾದಗಳಿಗೆ ಎರಡು. ಲೆಕ್ಕ ಸರಿಹೋಗದಿದ್ದರೂ ಸುಮ್ಮನಿದ್ದೆ.

ಅಲ್ಲಿಂದ ನಡೆದುಕೊಂಡು ಅಲ್‌ಜುಸ್ತ್ರೆಲ್ ಎಂಬ, ಆ ಮಕ್ಕಳು ಹುಟ್ಟಿದ ಹಳ್ಳಿಗೆ ಹೊರಟೆವು. ಆಲಿವ್ ಮರಗಳ ನಡುವೆ, ಮೊಣಕಾಲೆತ್ತರದ ಕಲ್ಲುಗೋಡೆಗಳ ಪಕ್ಕದಲ್ಲಿ ಸಾಗುವ ಆ ದಾರಿಯುದ್ದಕ್ಕೂ ಹಂಗೇರಿಯ ಭಕ್ತರು ಕಟ್ಟಿಸಿಕೊಟ್ಟ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ ಚಿಕ್ಕ ಗುಡಿಗಳಿವೆ. ನಡುವೆ ವಲೀನ್ಯೂಸ್ ಎಂಬ ತಾಣ ಬರುತ್ತದೆ. 1917ರ ಆಗಸ್ಟ್ 13ರಂದು ಸ್ಥಳೀಯ ಆಡಳಿತಗಾರ ಮಕ್ಕಳನ್ನು ಹಿಡಿದು ಕೂಡಿಟ್ಟದ್ದರಿಂದ ಆ ತಿಂಗಳ ದರ್ಶನ ಆರು ದಿನ ತಡವಾಗಿ, 19ರಂದು, ಇಲ್ಲಿ ಆಯಿತಂತೆ. ಮಕ್ಕಳ ಮನೆಗಳು ತಗ್ಗಾದ ಮಾಡಿನ, ಕತ್ತಲೆ ಕೋಣೆಗಳ ಸಣ್ಣ ಮನೆಗಳು. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಫ್ರಾನ್ಸಿಸ್ಕೊ 1919ರಲ್ಲಿ, ಜಸಿಂತಾ 1920ರಲ್ಲಿ ತೀರಿಕೊಂಡರು, ಇಬ್ಬರೂ ಹನ್ನೊಂದು ತುಂಬುವ ಮುಂಚೆಯೇ. ಅವರನ್ನು 2017ರ ಮೇ 13ರಂದು ಪೋಪ್ ಫ್ರಾನ್ಸಿಸರು ಇಲ್ಲಿಯೇ ಸಂತರೆಂದು ಸಾರಿದರು. ಲೂಸಿಯಾ ಮಾತ್ರ 2005ರವರೆಗೆ ಬದುಕಿದ್ದರು. ಲೂಸಿಯಾರ ಮನೆಯ ಹಿತ್ತಲಿನ ಬಾವಿಯ ಕಟ್ಟೆಯ ಬಳಿ ಒಂದು ಗಂಟೆ ಕುಳಿತೆವು, ಯಾರೂ ಮಾತನಾಡಲಿಲ್ಲ. ಮರಳುವಾಗ ನಾದಿನಿ, ಸಾಂತಿಯಾಗೊ ತಲುಪಿದ ಮೇಲೆ ಇವತ್ತೇ ತನಗೆ ನಡಿಗೆ ಮುಗಿದಂತೆ ಅನಿಸಿದ್ದು ಎಂದಳು. ಆ ರಾತ್ರಿಯ ಮೆರವಣಿಗೆಯಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಜಪಸರದ ಒಂದೊಂದು ದಶಕ, ಅಂದರೆ ಹತ್ತು ಮಣಿಗಳ ಪ್ರಾರ್ಥನೆ, ನಡೆಯುತ್ತಿದ್ದಾಗ ನಾವು ನಾಲ್ವರು ಮೆಲುದನಿಯಲ್ಲಿ ‘ನಮೋ ಮರಿಯೆ’ ಎಂದು ಕನ್ನಡದಲ್ಲೇ ಸೇರಿಕೊಂಡೆವು.

ಅಕ್ಟೋಬರ್ 4ರ ದಿನವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಈ ಸೇವೆಯ ದೋಷಗಳೆಲ್ಲ ಅಂದು ಒಂದೇ ಕಡೆ ಕೂಡಿಬಂದವು. ಬೆಳಿಗ್ಗೆ ಲಿಸ್ಬನ್‌ಗೆ ಹೋಗಿದ್ದವರಿಗಾಗಿ ಅಲ್‌ಜುಸ್ತ್ರೆಲ್‌ನಲ್ಲಿ ಬಸ್ಸು ನಿಲ್ಲಿಸಿದರು: 25 ನಿಮಿಷ. ಅನಂತರ ಜಪಸರ, ಪ್ರತಿಮೆಗಳನ್ನು ಮಾರುವ ಒಂದು ದೊಡ್ಡ ಮಳಿಗೆ: 70 ನಿಮಿಷ. ಗಡಿಯಾರ ನೋಡಿ ಬರೆದುಕೊಂಡ ಲೆಕ್ಕವಿದು, ಸಿಟ್ಟಿನಲ್ಲಿ ಹಿಗ್ಗಿಸಿದ್ದಲ್ಲ. ಹೊರಟಾಗ ಹನ್ನೊಂದೂವರೆ. ಸಂಜೆ ಐದೂವರೆಗೆ ಸ್ಪೇನಿನ ಆಲ್ಬಾ ದೆ ತೋರ್ಮೆಸ್ ತಲುಪಬೇಕೆಂದು ಪಟ್ಟಿಯಲ್ಲಿತ್ತು. ಸಲಮಾಂಕಾ ನಗರದಿಂದ ಇಪ್ಪತ್ತು ಕಿಲೋಮೀಟರ್ ಆಚೆಗಿರುವ ಆ ಪುಟ್ಟ ಊರಿನಲ್ಲಿ, ತಾನೇ 1571ರಲ್ಲಿ ಸ್ಥಾಪಿಸಿದ ಮಠದಲ್ಲಿ, ಆವಿಲಾದ ಸಂತ ತೆರೇಸಾ ಕೊನೆಯುಸಿರೆಳೆದರು. ಅವರ ಪಾರ್ಥಿವ ಶರೀರವೂ, ಬೇರೆಯಾಗಿ ಇಟ್ಟಿರುವ ಹೃದಯವೂ ಒಂದು ತೋಳೂ ಅಲ್ಲಿಯೇ ಇವೆ. ಪಟ್ಟಿ ಬರೆದವರು ಮರೆತದ್ದೇನೆಂದರೆ, ಪೋರ್ಚುಗಲ್ಲಿನ ಗಡಿಯಾರ ಸ್ಪೇನಿನದಕ್ಕಿಂತ ಒಂದು ಗಂಟೆ ಹಿಂದೆ. ಗಡಿ ದಾಟಿದೊಡನೆ ಎಲ್ಲರ ಮೊಬೈಲಿನಲ್ಲೂ ಒಂದು ಗಂಟೆ ಮಾಯವಾಯಿತು. ಚಾಲಕನ ವಿಶ್ರಾಂತಿ, ಮಳಿಗೆಯ ಹೊತ್ತು, ಈ ಒಂದು ಗಂಟೆ ಎಲ್ಲವೂ ಸೇರಿ ನಾವು ಆಲ್ಬಾದ ಚೌಕದಲ್ಲಿ ಇಳಿದಾಗ ಏಳೂವರೆ, ಬಾಗಿಲು ಮುಚ್ಚಿತ್ತು.

ಗಣಿತದವಳಾದ್ದರಿಂದ ನನಗೆ ಇನ್ನೊಂದು ಸಂಗತಿ ಆ ಮುಚ್ಚಿದ ಬಾಗಿಲಿನ ಮುಂದೆ ನೆನಪಾಯಿತು. ಸಂತ ತೆರೇಸಾ ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಹದಿಮೂರನೆಯ ಗ್ರೆಗೊರಿ ಪೋಪರು ಪಂಚಾಂಗ ತಿದ್ದಿದ್ದು ಜಾರಿಗೆ ಬಂದದ್ದು ಅದೇ ರಾತ್ರಿ. ಅದರ ಮರುದಿನ ಅಕ್ಟೋಬರ್ 15. ಹತ್ತು ದಿನಗಳನ್ನು ಕ್ಯಾಲೆಂಡರಿನಿಂದ ತೆಗೆದುಹಾಕಿದ್ದರು, ಹಾಗಾಗಿಯೇ ಅವರ ಹಬ್ಬ 15ಕ್ಕೆ ಬರುತ್ತದೆ. ಅವರು ತೀರಿಕೊಂಡ ತಾರೀಖಿನಂದೇ ನಾವು ಆ ಬಾಗಿಲಿಗೆ ಬಂದಿದ್ದೆವು, ಒಂದು ಗಂಟೆಯ ಲೆಕ್ಕ ತಪ್ಪಿಸಿಕೊಂಡು. ಹತ್ತು ದಿನದ ಲೆಕ್ಕವನ್ನೇ ಸರಿದೂಗಿಸಿದ ಧರ್ಮಸಭೆಯ ಭಕ್ತರಿಗೆ ಒಂದು ಗಂಟೆಯ ಲೆಕ್ಕ ಸಿಗಲಿಲ್ಲವೆಂದು ನಾನು ಹೇಳಿದಾಗ ಮಾರ್ಗದರ್ಶಿ ಹುಡುಗ ನಕ್ಕನಾದರೂ ಅವನ ಮುಖ ಬಾಡಿತ್ತು, ತಪ್ಪು ಅವನದಾಗಿರಲಿಲ್ಲ. ಮರುದಿನ ಬೆಳಿಗ್ಗೆ ಇಪ್ಪತ್ತು ಕಿಲೋಮೀಟರ್ ಹಿಂದೆ ಬಂದು ನೋಡೋಣವೆಂದು ಕೇಳಿಕೊಂಡೆವು. ಆವಿಲಾದಲ್ಲಿ ಹತ್ತು ಗಂಟೆಗೆ ಸ್ಥಳೀಯ ಗೈಡ್ ಕಾಯುತ್ತಾನೆ, ಅವನಿಗೆ ಹಣ ಸಂದಾಯವಾಗಿದೆ ಎಂದರು. ಚೌಕದಲ್ಲಿ ಗುಂಪಿನ ಫೋಟೋ ತೆಗೆದು ಹೊರಟರು. ಪ್ರವಾಸದ ಜಾಹೀರಾತಿನಲ್ಲಿ ಈಗ ಆ ಫೋಟೋ ಇದೆ.

ಆವಿಲಾ ಚೆನ್ನಾಗಿತ್ತು. ಎರಡೂವರೆ ಕಿಲೋಮೀಟರ್ ಉದ್ದದ ಕೋಟೆಗೋಡೆ, ತೆರೇಸಾ ಹುಟ್ಟಿದ ಮನೆಯ ಜಾಗದಲ್ಲಿ ಕಟ್ಟಿದ ಮಠ, ಅವರು ಸನ್ಯಾಸಿನಿಯಾಗಿ ಸೇರಿದ ಕೋಟೆಯ ಹೊರಗಿನ ಇನ್ನೊಂದು ಮಠ, ಎಲ್ಲವನ್ನೂ ಆ ಗೈಡ್ ಅವಸರವಿಲ್ಲದೆ ತೋರಿಸಿದ. ಮ್ಯಾಡ್ರಿಡ್‌ನಲ್ಲಿ ಮಲಗಿದ್ದು ಬಿಟ್ಟರೆ ಬರೆಯುವಂಥದ್ದೇನೂ ಇಲ್ಲ.

ಸರಗೋಸಾದ ಬಗ್ಗೆ ನನ್ನ ದೂರು ಬೇರೆ ಬಗೆಯದು. ಎಬ್ರೊ ನದಿಯ ದಂಡೆಯಲ್ಲಿ ಸುವಾರ್ತೆ ಸಾರಿ ಫಲ ಕಾಣದೆ ಕುಗ್ಗಿದ್ದ ಸಂತ ಯಾಕೋಬರಿಗೆ ಕ್ರಿ.ಶ. 40ರ ಜನವರಿ 2ರಂದು, ಇನ್ನೂ ಜೆರುಸಲೇಮಿನಲ್ಲಿ ಬದುಕಿದ್ದ ಮಾತೆ ಮರಿಯಮ್ಮನವರೇ ಒಂದು ಕಂಬದ ಮೇಲೆ ಕಾಣಿಸಿಕೊಂಡು ಧೈರ್ಯ ತುಂಬಿದರೆಂಬುದು ಅಲ್ಲಿನ ಪರಂಪರೆ. ಅಂದರೆ ಯಾವ ಯಾಕೋಬರ ಸಮಾಧಿಗಾಗಿ ನಾವು ಐದು ವಾರ ನಡೆದೆವೋ, ಅದೇ ಯಾಕೋಬರು ಸೋತು ಕುಳಿತ ಜಾಗ ಇದು. ನಡೆದು ಬಂದವರಿಗೆ ಇದಕ್ಕಿಂತ ಹತ್ತಿರದ ಕ್ಷೇತ್ರ ಇನ್ನೊಂದಿಲ್ಲ. ಈ ಒಂದು ಮಾತನ್ನು ಬಸ್ಸಿನಲ್ಲಿ ಯಾರೂ ಹೇಳಲಿಲ್ಲ, ಕರಪತ್ರದಲ್ಲೂ ಇಲ್ಲ. ‘ಸುಂದರ ಬರೋಕ್ ಕಟ್ಟಡ’ ಎಂದಷ್ಟೇ ಇದೆ. ಬಲಿಪೀಠದ ಹಿಂಬದಿಗೆ ಹೋದರೆ ಆ ಕಂಬದ ಒಂದಿಷ್ಟು ಭಾಗ ಮುತ್ತಿಡುವುದಕ್ಕೆಂದು ತೆರೆದಿದೆ, ತುಟಿಗಳ ಸ್ಪರ್ಶಕ್ಕೆ ಕಲ್ಲು ಸವೆದು ಗುಳಿಬಿದ್ದಿದೆ. 1936ರ ಆಗಸ್ಟಿನಲ್ಲಿ, ಅಂತರ್ಯುದ್ಧದ ಹೊತ್ತಿನಲ್ಲಿ, ಮಹಾದೇವಾಲಯದ ಮೇಲೆ ಬಿದ್ದರೂ ಸಿಡಿಯದ ಎರಡು ಬಾಂಬುಗಳನ್ನು ಒಳಗಿನ ಗೋಡೆಗೆ ತೂಗುಹಾಕಿದ್ದಾರೆ. ಗುಂಪಿನವರು ಹೆಚ್ಚು ಫೋಟೋ ತೆಗೆದದ್ದು ಅವುಗಳದ್ದೇ.

ಹಾವಿಯೆರ್ ಊರಿನ ಮಾತು ಇಲ್ಲಿ ಬರಬೇಕು. ಸಂತ ಫ್ರಾನ್ಸಿಸ್ ಝೇವಿಯರರು 1506ರಲ್ಲಿ ಹುಟ್ಟಿದ ಕೋಟೆ ಇರುವ ಊರು ಅದು, ಝೇವಿಯರ್ ಎಂಬ ಹೆಸರು ಬಂದದ್ದೇ ಆ ಊರಿನಿಂದ. ಮಲೆನಾಡಿನ ಯಾವ ಚರ್ಚಿಗೆ ಹೋದರೂ ಆ ಹೆಸರಿನ ನಾಲ್ಕು ಮಂದಿಯಾದರೂ ಸಿಗುತ್ತಾರೆ. ಗೋವಾದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಅವರ ಪಾರ್ಥಿವ ಶರೀರದ ದರ್ಶನಕ್ಕೆ, 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆದ ಕಳೆದ ಬಾರಿಯೂ, ನಮ್ಮ ಕಡೆಯಿಂದ ಬಸ್ಸು ಮಾಡಿಕೊಂಡು ಹೋಗಿದ್ದೇವೆ. ಆ ಕೋಟೆ ಪಾಂಪ್ಲೋನಾದಿಂದ ಸುಮಾರು ಐವತ್ತು ಕಿಲೋಮೀಟರ್. ಸರಗೋಸಾದಿಂದ ಲೂರ್ದಿಗೆ ಹೋಗುವ ನಮ್ಮ ಬಸ್ಸು ಹಾದುಹೋದ ಹಾಕಾ ಪಟ್ಟಣದಿಂದ ಪಶ್ಚಿಮಕ್ಕೆ ತಿರುಗಿದರೆ ಸುಮಾರು ಒಂದು ಗಂಟೆಯ ದಾರಿ. ಮ್ಯಾಡ್ರಿಡ್‌ನಲ್ಲಿ ಫುಟ್‌ಬಾಲ್ ಕ್ರೀಡಾಂಗಣವನ್ನು ಹೊರಗಿನಿಂದ ತೋರಿಸಲು ಸಮಯವಿದ್ದ ವೇಳಾಪಟ್ಟಿಯಲ್ಲಿ ಹಾವಿಯೆರ್ ಇರಲಿಲ್ಲ. ಶಿವಮೊಗ್ಗದಲ್ಲಿ ಕುಳಿತು ಶಿವಮೊಗ್ಗದವರಿಗೆ ಮಾರುವ ಪ್ರವಾಸ ಯಾರೋ ಯಾರಿಗೋ ಬರೆದ ಪಟ್ಟಿಯ ನಕಲು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಫ್ರಾನ್ಸಿನ ಲೂರ್ದು ತಲುಪಿದ್ದು ಅಕ್ಟೋಬರ್ 7ರಂದು, ಜಪಸರ ಮಾತೆಯ ಹಬ್ಬದ ದಿನವೇ. ಇದು ಯೋಜಿಸಿ ಮಾಡಿದ್ದಲ್ಲವೆಂದು ಮಾರ್ಗದರ್ಶಿಯ ಆಶ್ಚರ್ಯದಿಂದಲೇ ತಿಳಿಯಿತು. ಅಂದು ಮಾತ್ರ ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ರಾತ್ರಿ ಒಂಬತ್ತರ ದೀಪದ ಮೆರವಣಿಗೆ ಪೂರ್ತಿಯಾಗಿ ದೊರೆಯಿತು. ಗಾಲಿಕುರ್ಚಿಗಳಲ್ಲಿ, ಮಂಚಗಳಲ್ಲಿ ರೋಗಿಗಳು ಮೊದಲು. ಅವರನ್ನು ತಳ್ಳಿಕೊಂಡು ಹೋಗುವವರು ತಮ್ಮ ಖರ್ಚಿನಲ್ಲಿಯೇ ಬಂದು ಸೇವೆ ಮಾಡುವ ಸ್ವಯಂಸೇವಕರು. ಕಾಲು ಗಟ್ಟಿಯಿರುವವರೆಲ್ಲ ಅವರ ಹಿಂದೆ. 780 ಕಿಲೋಮೀಟರ್ ನಡೆದೆನೆಂಬ ಸಣ್ಣ ಜಂಬ ನನ್ನಲ್ಲಿತ್ತು, ಇಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಭದ್ರಾವತಿಯ ಆ ಹಿರಿಯರಿಗೆ ಮಾರ್ಗದರ್ಶಿ ಓಡಾಡಿ ಒಂದು ಗಾಲಿಕುರ್ಚಿ ಹೊಂದಿಸಿಕೊಟ್ಟ; ಅವರು ಮುಂದಿನ ಸಾಲಿನಲ್ಲಿ, ನಾವು ತೀರಾ ಹಿಂದೆ.

ಬರ್ನಾಡೆಟ್ ಸುಬಿರೂ ಎಂಬ ಹದಿನಾಲ್ಕರ ಹುಡುಗಿಗೆ 1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ ಹದಿನೆಂಟು ಬಾರಿ ಮಾತೆ ಮರಿಯಮ್ಮನವರ ದರ್ಶನವಾದ ಗವಿಯ ಮಾದರಿಗಳನ್ನು ನಮ್ಮ ಕಡೆಯ ಚರ್ಚುಗಳ ಅಂಗಳದಲ್ಲಿ ಎಲ್ಲರೂ ಕಂಡಿದ್ದೇವೆ. ಅಸಲು ಗವಿ ಅವೆಲ್ಲಕ್ಕಿಂತ ಸರಳವಾಗಿದೆ: ನೀರು ಜಿನುಗುವ ಕಪ್ಪು ಬಂಡೆ, ಕೈಯಾಡಿಸಿ ನುಣುಪಾದ ಗೋಡೆ, ಗಾಜಿನಡಿಯಲ್ಲಿ ಕಾಣುವ ಬುಗ್ಗೆ. ಮಳೆಗಾಲದ ಮಲೆನಾಡಿನ ಯಾವುದೋ ದರೆಯ ಕೆಳಗೆ ನಿಂತಂತಾಯಿತು. ಕರಪತ್ರದಲ್ಲಿದ್ದ ‘ಪವಿತ್ರ ಸ್ನಾನ’ ನಮಗೆ ಸಿಗಲಿಲ್ಲ. ಕೋವಿಡ್ ಕಾಲದಿಂದ ಅಲ್ಲಿ ಹೆಚ್ಚಿನವರಿಗೆ ದೊರೆಯುವುದು ನೀರಿನ ಒಂದು ವಿಧಿ; ಸ್ವಯಂಸೇವಕರು ಬೊಗಸೆಗೆ ನೀರು ಹುಯ್ಯುತ್ತಾರೆ, ಕೈ ತೊಳೆದು, ಮುಖಕ್ಕೆ ಹಚ್ಚಿ, ಒಂದು ಗುಟುಕು ಕುಡಿಯಬೇಕು. ನನಗೆ ಅಷ್ಟೇ ಸಾಕಾಯಿತು. ಆದರೆ ಸ್ನಾನಕ್ಕೆಂದೇ ಬಟ್ಟೆ ತಂದಿದ್ದ ಇಬ್ಬರು ಹೆಂಗಸರಿಗೆ ಮುಂಚೆಯೇ ತಿಳಿಸಬೇಕಿತ್ತು. ‘ಲೂರ್ದು ನೀರಿನ ಬಾಟಲಿ ಉಚಿತ’ ಎಂಬ ಭರವಸೆಯಂತೆ ಎಲ್ಲರಿಗೂ ಬಾಟಲಿ ಕೊಟ್ಟರು, ಖಾಲಿ ಬಾಟಲಿ. ನೀರು ನಲ್ಲಿಯಲ್ಲಿ ಯಾರಿಗಾದರೂ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕಿಕೊಳ್ಳಬೇಡಿ, ನೂರು ಮಿಲಿಲೀಟರ್ ಮಿತಿಯಿದೆ. ಒಪ್ಪಿಸುವ ಸಾಮಾನಿನಲ್ಲಿ ಬಟ್ಟೆಯ ನಡುವೆ ಇಡಿ.

ಮರುದಿನ ಪೂರ್ತಿ ಲೂರ್ದಿನಲ್ಲಿಯೇ ಇದ್ದೆವು. ಬರ್ನಾಡೆಟ್‌ಳ ಬಡ ಕುಟುಂಬ ವಾಸಿಸುತ್ತಿದ್ದ ಹಳೆಯ ಸೆರೆಮನೆಯ ಒಂಟಿ ಕೋಣೆಯನ್ನು ನೋಡಿದೆವು, ಉಳಿದ ಹೊತ್ತನ್ನೆಲ್ಲ ಗವಿಯ ಎದುರಿನ ಹೊಳೆಯ ದಂಡೆಯಲ್ಲಿ ಕಳೆದೆವು. ಮೊಂಟ್ಸೆರಾಟ್‌ನಲ್ಲಿ ಆಗುಂಬೆಯಂಥ ಮಂಜು. ಕಪ್ಪು ಮಾತೆ ಎಂಬ ಮರಿಯಮ್ಮನವರ ಪ್ರತಿಮೆಯ ಬಳಿ ಹೋಗಲು ಮುಂಗಡವಾಗಿ ಸಮಯ ಕಾದಿರಿಸಬೇಕಿತ್ತು, ಕಾದಿರಿಸಿರಲಿಲ್ಲ. ಕೆಳಗಿನಿಂದಲೇ ಕೈಮುಗಿದು ಬಾರ್ಸಿಲೋನಾಕ್ಕೆ ಇಳಿದೆವು.

ಹೋಟೆಲುಗಳು ಶುಚಿಯಾಗಿದ್ದವು, ಫಾತಿಮಾ ಮತ್ತು ಲೂರ್ದುಗಳಲ್ಲಿ ಕ್ಷೇತ್ರಕ್ಕೆ ಐದು ನಿಮಿಷದ ನಡಿಗೆಯಲ್ಲೇ ಇದ್ದವು, ಇದು ಸಣ್ಣ ವಿಷಯವಲ್ಲ. ರಾತ್ರಿಯ ಊಟದಲ್ಲಿ ಪ್ರತಿದಿನ ಅನ್ನ ಎಂಬ ಮಾತನ್ನು ಉಳಿಸಿಕೊಂಡರು. ಅನ್ನಕ್ಕೆ ಜೊತೆಯಾದದ್ದು ಬಹುತೇಕ ಅಪ್ಪೆಮಿಡಿಯೇ. ಮಾರ್ಗದರ್ಶಿಗೆ ಕನ್ನಡವಾಗಲಿ ಕೊಂಕಣಿಯಾಗಲಿ ಬರುತ್ತಿರಲಿಲ್ಲ, ಆದರೆ ವಯಸ್ಸಾದವರನ್ನು ನೋಡಿಕೊಳ್ಳುವುದರಲ್ಲಿ ಅವನಿಗೆ ಪೂರ್ಣ ಅಂಕ ಕೊಡುತ್ತೇನೆ. ಗುಂಪಿನೊಂದಿಗೆ ಒಬ್ಬ ಧರ್ಮಗುರುಗಳಿದ್ದಿದ್ದರೆ ಪ್ರತಿದಿನದ ಬಲಿಪೂಜೆಯಾದರೂ ನಮ್ಮ ಭಾಷೆಯಲ್ಲಿ ಆಗುತ್ತಿತ್ತು. ಇಪ್ಪತ್ತೆರಡು ಮಂದಿಯ ಪುಣ್ಯಕ್ಷೇತ್ರ ಪ್ರವಾಸದಲ್ಲಿ ಇದನ್ನು ಪ್ರಯಾಣಿಕರು ಕೇಳಿ ಪಡೆಯಬೇಕಾಗಿರಬಾರದು.

ನಡೆಯದೆ ಬರುವವರಿಗೆ, ಅದರಲ್ಲೂ ಮಂಡಿನೋವಿನ ಹಿರಿಯರಿಗೆ, ಈ ಸೇವೆಗೆ ಐದರಲ್ಲಿ ಮೂರೂವರೆ ಕೊಡಬಹುದು. ಅವರೊಬ್ಬರೇ ಈ ಊರುಗಳನ್ನು ಸುತ್ತುವುದು ಸುಲಭವಲ್ಲ. ನಡೆದು ಮುಗಿಸಿದವರಿಗೆ ಎರಡು. ಚಲಿಸುವ ಬಸ್ಸಿನಲ್ಲಿ ನಾವು ಕಳೆದದ್ದು 31 ಗಂಟೆ, ಸುಮಾರು 2,000 ಕಿಲೋಮೀಟರ್. ಫಾತಿಮಾ ಮತ್ತು ಲೂರ್ದಿನ ಬಿಡುವಿನ ದಿನಗಳನ್ನು ಬಿಟ್ಟರೆ ಕ್ಷೇತ್ರಗಳೊಳಗೆ ನಿಂತದ್ದು ಒಟ್ಟು ಹತ್ತು ಗಂಟೆಯೂ ಇಲ್ಲ. ದೀರ್ಘ ನಡಿಗೆಯ ಬಳಿಕ ಮನಸ್ಸಿಗೆ ಬೇಕಾಗಿರುವುದು ಒಂದು ಕಡೆ ಕೂರುವುದು, ಏಳು ಕಡೆ ಇಳಿದು ಹತ್ತುವುದಲ್ಲ. ನನ್ನನ್ನು ಕೇಳುವವರಿಗೆ ನಾನು ಹೇಳುವುದಿಷ್ಟು: ಲೂರ್ದನ್ನು ನಡಿಗೆಗೆ ಮುಂಚೆಯೇ ನೋಡಿ, ಅಲ್ಲಿಂದ ಬಯೋನ್ ಮೂಲಕ ರೈಲಿನಲ್ಲಿಯೇ ನಡಿಗೆಯ ಮೊದಲ ಊರನ್ನು ಸೇರಬಹುದು. ಪಾಂಪ್ಲೋನಾದಲ್ಲಿ ಒಂದು ದಿನ ಉಳಿದು ಹಾವಿಯೆರ್‌ಗೆ ಹೋಗಿ ಬನ್ನಿ. ನಡಿಗೆಯ ಮೂರನೆಯ ದಿನಕ್ಕೆ ಪಾದಗಳೂ ಆ ಬಿಡುವನ್ನು ಕೇಳುತ್ತಿರುತ್ತವೆ. ಸಾಂತಿಯಾಗೊ ಮುಗಿದ ಮೇಲೆ ಪೋರ್ಟೊ ನಗರದ ಮೂಲಕ ಸಾಮಾನ್ಯ ಬಸ್ಸಿನಲ್ಲಿ ಫಾತಿಮಾಕ್ಕೆ ಹೋಗಿ, ಅಲ್ಲಿ ಮೂರು ರಾತ್ರಿ ಸುಮ್ಮನಿರಿ. ಸೂಟ್‌ಕೇಸಿಗೆ ಮಾತ್ರ ಬೇರೆ ಉಪಾಯ ಹುಡುಕಬೇಕು.

ಮರಳಿದ ಮೇಲೆ ಇದನ್ನೆಲ್ಲ ಎರಡು ಪುಟ ಬರೆದು ಕಚೇರಿಗೆ ಕೊಟ್ಟೆ. ಮಾಲೀಕರು ಕಾಫಿ ತರಿಸಿ, ತಾಳ್ಮೆಯಿಂದ ಓದಿ, “ಹಾವಿಯೆರ್ ನೀವು ಹೇಳಿದ್ದು ನಿಜ ಟೀಚರ್, ಸೇರಿಸ್ತೀವಿ,” ಎಂದು ಡೈರಿಯಲ್ಲಿ ಬರೆದುಕೊಂಡರು. 2027ರಲ್ಲಿ ಸಂತ ಯಾಕೋಬರ ಹಬ್ಬವಾದ ಜುಲೈ 25 ಭಾನುವಾರ ಬರುವುದರಿಂದ ಅದು ಸಾಂತಿಯಾಗೊದಲ್ಲಿ ಪವಿತ್ರ ವರ್ಷ, ಆಗಿನ ತಂಡದ ವೇಳಾಪಟ್ಟಿ ಹೋದ ವಾರ ವಾಟ್ಸಾಪಿನಲ್ಲಿ ಬಂತು. ಮಾತು ಉಳಿಸಿಕೊಂಡಿದ್ದಾರೆ. ಎಂಟನೆಯ ದಿನದ ಕೆಳಗೆ ‘ಹಾವಿಯೆರ್ ಕೋಟೆ, ಫೋಟೋಗಾಗಿ ನಿಲುಗಡೆ, 40 ನಿಮಿಷ’ ಎಂದಿದೆ, ಅದರ ಜೊತೆಗೆ ಸಂತ ಇಗ್ನೇಷಿಯಸರ ಊರಾದ ಲೊಯೋಲಾ ಕೂಡ ಸೇರಿಕೊಂಡಿದೆ. ರಾತ್ರಿಗಳು ಒಂಬತ್ತೇ.